ಉಲ್ಲೇಖಗಳ ಲೆಕ್ಕ: ಕರ್ನಾಟಕದಲ್ಲಿ ಸಂಶೋಧನೆಯನ್ನು ಅಳೆದ ಬಗೆ

ಒಬ್ಬರು ಬರೆದ ಸಂಶೋಧನ ಪ್ರಬಂಧವನ್ನು ಮುಂದಿನವರು ಎಷ್ಟು ಸಲ ತಮ್ಮ ಬರವಣಿಗೆಯಲ್ಲಿ ಹೆಸರಿಸಿದ್ದಾರೆ ಎಂದು ಎಣಿಸಿ, ಅದರಿಂದ ಆ ಪ್ರಬಂಧದ ಪ್ರಭಾವವನ್ನು ಅಂದಾಜು ಮಾಡುವ ಕ್ರಮವೇ ಉಲ್ಲೇಖ ಗಣನೆ. ಪ್ರಬಂಧದ ಕೊನೆಯಲ್ಲಿ ಬರುವ ಗ್ರಂಥಋಣದ ಪಟ್ಟಿಯೇ ಇದರ ಮೂಲ ಸಾಮಗ್ರಿ. ಸಾವಿರಾರು ನಿಯತಕಾಲಿಕೆಗಳ ಇಂಥ ಪಟ್ಟಿಗಳನ್ನು ಒಂದೆಡೆ ಸೇರಿಸಿ ತಿರುವುಮುರುವು ಮಾಡಿದರೆ, ಯಾವ ಲೇಖನ ಯಾರಿಗೆ ಋಣಿ ಎಂಬುದರ ಬದಲು ಯಾರು ಯಾರೆಲ್ಲ ಒಂದು ಲೇಖನಕ್ಕೆ ಋಣಿ ಎಂಬುದು ಕಾಣುತ್ತದೆ. ಗ್ರಂಥಾಲಯಕ್ಕೆ ಯಾವ ಪತ್ರಿಕೆ ತರಿಸಬೇಕು ಎಂದು ತೀರ್ಮಾನಿಸಲು ಹುಟ್ಟಿದ ಈ ಎಣಿಕೆ, ನೂರು ವರ್ಷ ತುಂಬುವುದರೊಳಗೆ ಅಧ್ಯಾಪಕರ ಬಡ್ತಿ, ವಿಶ್ವವಿದ್ಯಾಲಯದ ಶ್ರೇಣಿ, ಯೋಜನೆಗೆ ಸಿಗುವ ಹಣ ಎಲ್ಲವನ್ನೂ ನಿರ್ಧರಿಸುವ ಅಳತೆಗೋಲಾಯಿತು. ಆ ಕಥೆಯಲ್ಲಿ ಬೆಂಗಳೂರಿಗೂ ಧಾರವಾಡಕ್ಕೂ ಸಣ್ಣದಲ್ಲದ ಪಾತ್ರವಿದೆ. ಅದರ ಪರಿಣಾಮ ತುಂಗಭದ್ರೆಯ ದಂಡೆಯ ಐರಣಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆಯ ವಿಷಯಗಳ ಮೇಲೆ ಕೆಲಸ ಮಾಡುವವರ ತನಕ ಮುಟ್ಟಿದೆ.

ಹಿಂದಿನವರನ್ನು ಹೆಸರಿಸುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಮುಂಚಿನ ಗದ್ಯಕಾರರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ನೆನೆಯುತ್ತದೆ. ಅವರ ಕನ್ನಡ ಕೃತಿಗಳು ಉಳಿದಿಲ್ಲ, ಹೆಸರು ಉಳಿದಿದೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ ಮುಂತಾದವರ ಪ್ರಯೋಗಗಳೇ ತನಗೆ ಲಕ್ಷ್ಯ ಎಂದು ಹೇಳಿಕೊಂಡ. ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ಸ್ತುತಿಸುವುದು ಅನೇಕರು ಪಾಲಿಸಿದ ಸಂಪ್ರದಾಯ. ಆರ್. ನರಸಿಂಹಾಚಾರ್ಯರು ಕರ್ನಾಟಕ ಕವಿಚರಿತೆಯ ಮೊದಲ ಸಂಪುಟವನ್ನು 1907ರಲ್ಲಿ ಹೊರತಂದಾಗ ಕವಿಗಳ ಕಾಲ ನಿರ್ಣಯಕ್ಕೆ ನೆರವಾದ ಪ್ರಮುಖ ಆಧಾರಗಳಲ್ಲಿ ಇದೂ ಒಂದು: ಒಬ್ಬ ಕವಿಯನ್ನು ಇನ್ನೊಬ್ಬ ಸ್ಮರಿಸಿದ್ದರೆ ಸ್ಮರಿಸಲ್ಪಟ್ಟವನು ಹಿಂದಿನವನು ಅಥವಾ ಸಮಕಾಲೀನ. ಅಂದರೆ ಉಲ್ಲೇಖವನ್ನು ಚರಿತ್ರೆಯ ಸಾಕ್ಷಿಯಾಗಿ ಬಳಸುವ ಶಿಸ್ತು ಕನ್ನಡ ವಿದ್ವತ್ತಿನಲ್ಲಿ ಬೇರೂರಿತ್ತು. ಆದರೆ ಅಸಗನನ್ನು ಎಷ್ಟು ಕವಿಗಳು ನೆನೆದರು ಎಂದು ಎಣಿಸಿ ಅವನಿಗೆ ಅಂಕ ಕೊಡುವ ಯೋಚನೆ ಆ ಪಂಡಿತರಿಗೆ ಬಂದಿರಲಿಲ್ಲ. ಯಾರು ನೆನೆದರು, ಯಾವ ಸಂದರ್ಭದಲ್ಲಿ, ಮೆಚ್ಚಿಯೋ ಮೀರಿಸಲೆಂದೋ ಎಂಬುದನ್ನು ಅವರು ಓದಿ ತಿಳಿಯುತ್ತಿದ್ದರು.

ಎಣಿಕೆಯ ಯೋಚನೆ ಬಂದದ್ದು ಅಮೆರಿಕದಿಂದ, ಅದೂ ವಿಜ್ಞಾನದಿಂದಲ್ಲ, ನ್ಯಾಯಾಲಯದಿಂದ. ಹಳೆಯ ತೀರ್ಪೊಂದನ್ನು ಮುಂದಿನ ನ್ಯಾಯಾಲಯಗಳು ಎತ್ತಿ ಹಿಡಿದವೇ ತಳ್ಳಿಹಾಕಿದವೇ ಎಂದು ವಕೀಲರಿಗೆ ತಿಳಿಸಲು ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ಇಲಿನಾಯ್‌ನಲ್ಲಿ ತೀರ್ಪುಗಳ ಉಲ್ಲೇಖ ಸೂಚಿಯನ್ನು ಆರಂಭಿಸಿದ. ವಿಜ್ಞಾನದಲ್ಲಿ ಮೊದಲು ಗಮನ ಸೆಳೆದ ಎಣಿಕೆ 1927ರದ್ದು. ಗ್ರಾಸ್ ಹೆಸರಿನ ಇಬ್ಬರು ಅಮೆರಿಕದ ರಸಾಯನಶಾಸ್ತ್ರದ ಪ್ರಮುಖ ಪತ್ರಿಕೆಯೊಂದರ 1926ರ ಸಂಪುಟವನ್ನು ಹಿಡಿದು ಅದರಲ್ಲಿನ 3,633 ಉಲ್ಲೇಖಗಳನ್ನು ಎಣಿಸಿದರು. ಸಣ್ಣ ಕಾಲೇಜೊಂದರ ಗ್ರಂಥಾಲಯ ತನ್ನಲ್ಲಿರುವ ಅಲ್ಪ ಹಣದಲ್ಲಿ ಯಾವ ಪತ್ರಿಕೆಗಳನ್ನು ಕೊಳ್ಳಬೇಕು ಎಂಬುದಷ್ಟೇ ಅವರ ಪ್ರಶ್ನೆ. ಬರೆದವರ ಯೋಗ್ಯತೆಯನ್ನು ಅಳೆಯುವ ಉದ್ದೇಶ ಅವರಿಗಿರಲಿಲ್ಲ.

ಯೂಜೀನ್ ಗಾರ್ಫೀಲ್ಡ್ ಈ ಎರಡು ಎಳೆಗಳನ್ನು ಹೆಣೆದ. ಶೆಪರ್ಡ್ ಸಂಸ್ಥೆಯ ನಿವೃತ್ತ ಅಧಿಕಾರಿಯೊಬ್ಬರಿಂದ ಕಾನೂನು ಸೂಚಿಯ ವಿಷಯ ತಿಳಿದ ಆತ 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವಿಜ್ಞಾನಕ್ಕೂ ಇಂಥದೊಂದು ಸೂಚಿ ಬೇಕೆಂದು ವಾದಿಸಿದ. ಫಿಲಡೆಲ್ಫಿಯಾದಲ್ಲಿ ಆತ ಕಟ್ಟಿದ ಸಂಸ್ಥೆ 1960ರ ದಶಕದ ಆರಂಭದಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸನ್ನು ಹೊರತಂದಿತು. 1961ರ ಸಾಹಿತ್ಯವನ್ನು ಒಳಗೊಂಡ ಅದರ ಮೊದಲ ಸೂಚಿಯಲ್ಲಿ 613 ನಿಯತಕಾಲಿಕೆಗಳೂ ಸುಮಾರು 14 ಲಕ್ಷ ಉಲ್ಲೇಖಗಳೂ ಇದ್ದವು. ಬೇಕಾದ ವಿಷಯವನ್ನು ಹುಡುಕಿ ತೆಗೆಯುವುದೇ ಅದರ ಮೊದಲ ಕೆಲಸ. ಹಳೆಯ ಪ್ರಬಂಧವೊಂದನ್ನು ಹಿಡಿದು ಹೊರಟರೆ ಅದನ್ನು ಬಳಸಿದ ಹೊಸ ಪ್ರಬಂಧಗಳೆಲ್ಲ ಸಾಲಾಗಿ ಸಿಗುತ್ತಿದ್ದವು. ಯಾವ ಪತ್ರಿಕೆಗಳನ್ನು ಸೂಚಿಗೆ ಸೇರಿಸಬೇಕೆಂದು ಆರಿಸಿಕೊಳ್ಳಲು ಗಾರ್ಫೀಲ್ಡ್ ಮತ್ತು ಇರ್ವಿಂಗ್ ಶೆರ್ ಸೇರಿ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅನುಪಾತವನ್ನು ರೂಪಿಸಿದರು. 1975ರಿಂದ ಜರ್ನಲ್ ಸೈಟೇಷನ್ ರಿಪೋರ್ಟ್ಸ್ ಎಂಬ ವಾರ್ಷಿಕ ಪಟ್ಟಿಯ ಮೂಲಕ ಅದು ಲೋಕಕ್ಕೆಲ್ಲ ಪರಿಚಯವಾಯಿತು.

ಗ್ರಂಥಾಲಯದ ಕೆಲಸಕ್ಕೆ ಗಣಿತವನ್ನು ಒಗ್ಗಿಸಬೇಕೆಂಬ ಮಾತು ಗಾರ್ಫೀಲ್ಡ್‌ಗಿಂತ ಮುಂಚೆಯೇ ಭಾರತೀಯರೊಬ್ಬರ ಬಾಯಿಂದ ಬಂದಿತ್ತು. ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಊರಿನಲ್ಲಿ ನಡೆದ ಆಸ್ಲಿಬ್ ಎಂಬ ಗ್ರಂಥಾಲಯ ಸಂಘದ ಸಮ್ಮೇಳನದಲ್ಲಿ ಅವರು ಲೈಬ್ರಮೆಟ್ರಿ ಎಂಬ ಹೊಸ ಶಾಸ್ತ್ರವನ್ನು ಬೆಳೆಸಬೇಕೆಂದು ಸೂಚಿಸಿದರು. ಪುಸ್ತಕಗಳ ಓಡಾಟ, ಓದುಗರ ಬಳಕೆ, ಸಿಬ್ಬಂದಿಯ ಕೆಲಸ ಇವನ್ನೆಲ್ಲ ಸಂಖ್ಯಾಶಾಸ್ತ್ರದಿಂದ ನೋಡಬೇಕೆಂಬುದು ಅವರ ಆಶಯ. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಹುಟ್ಟಿತು. ಗ್ರಂಥಾಲಯದವರು ಇಂದಿಗೂ ಅದನ್ನು ಡಿಆರ್‌ಟಿಸಿ ಎಂದೇ ಕರೆಯುತ್ತಾರೆ. ಸಂಖ್ಯಾಶಾಸ್ತ್ರದ ಸಂಸ್ಥೆಯೊಳಗೆ ಗ್ರಂಥಾಲಯ ವಿಜ್ಞಾನದ ಕೇಂದ್ರವೊಂದು ನೆಲೆಯೂರಿದ್ದು ಬಹಳ ಫಲಕಾರಿಯಾಯಿತು. 1969ರ ಡಿಆರ್‌ಟಿಸಿ ವಿಚಾರ ಸಂಕಿರಣದಲ್ಲಿ ರಂಗನಾಥನ್ ಲೈಬ್ರಮೆಟ್ರಿಯ ವ್ಯಾಪ್ತಿಯನ್ನು ವಿಸ್ತರಿಸಿ ಹೇಳಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಅಲನ್ ಪ್ರಿಚರ್ಡ್ ಬಿಬ್ಲಿಯೋಮೆಟ್ರಿಕ್ಸ್ ಎಂಬ ಹೆಸರನ್ನು ಮುಂದಿಟ್ಟ. ಕೊನೆಗೆ ಆ ಹೆಸರೇ ನಿಂತಿತು. ಆದರೂ ಈ ಶಾಸ್ತ್ರದ ಚರಿತ್ರೆ ಬರೆಯುವವರು 1948ನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ರಂಗನಾಥನ್ 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ನಂತರ ಡಿಆರ್‌ಟಿಸಿಯಲ್ಲಿ ಈ ದಾರಿಯನ್ನು ಮುಂದುವರಿಸಿದವರಲ್ಲಿ ಐ. ಕೆ. ರವಿಚಂದ್ರ ರಾವ್ ಮುಖ್ಯರು. ಗ್ರಂಥಾಲಯ ವಿಜ್ಞಾನಕ್ಕೆ ಬೇಕಾದ ಸಂಖ್ಯಾವಿಧಾನಗಳ ಬಗ್ಗೆ ಅವರು 1983ರಲ್ಲಿ ತಂದ ಪುಸ್ತಕ ಭಾರತದ ಗ್ರಂಥಾಲಯ ವಿಭಾಗಗಳಲ್ಲಿ ಪಠ್ಯದಂತೆ ಬಳಕೆಯಾಯಿತು. ಬೆಲ್ಜಿಯಂ ಹಾಗೂ ಕೆನಡಾದಲ್ಲಿ ನಡೆದ ಮೊದಲ ಎರಡು ಸಮ್ಮೇಳನಗಳ ನಂತರ ಮೂರನೆಯ ಅಂತರರಾಷ್ಟ್ರೀಯ ಇನ್ಫಾರ್ಮೆಟ್ರಿಕ್ಸ್ ಸಮ್ಮೇಳನ 1991ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸೇರಿತು. ಈ ವಿದ್ವತ್ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1993ರ ಬರ್ಲಿನ್ ಸಮ್ಮೇಳನದಲ್ಲಿ. ಸಂಘಕ್ಕಿಂತ ಮುಂಚೆಯೇ ಬೆಂಗಳೂರು ಅದರ ನಕಾಶೆಯಲ್ಲಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್. ಎಲ್. ಸಂಗಮ ಇದೇ ವಿಷಯದಲ್ಲಿ ಕೆಲಸ ಮಾಡಿ ಶಿಷ್ಯರನ್ನು ಬೆಳೆಸಿದರು. ಉತ್ತರ ಕರ್ನಾಟಕದ ಅನೇಕ ಕಾಲೇಜು ಗ್ರಂಥಪಾಲಕರು ಉಲ್ಲೇಖ ವಿಶ್ಲೇಷಣೆಯ ಮೊದಲ ಪಾಠ ಕಲಿತದ್ದು ಎಂಫಿಲ್, ಪಿಎಚ್‌ಡಿ ಪ್ರಬಂಧಗಳ ಹಿಂಬದಿಯ ಗ್ರಂಥಋಣವನ್ನು ಒಂದೊಂದಾಗಿ ಎಣಿಸುವ ಮೂಲಕ.

ಇಂಪ್ಯಾಕ್ಟ್ ಫ್ಯಾಕ್ಟರಿನ ಲೆಕ್ಕ ಸರಳ. ಒಂದು ಪತ್ರಿಕೆ 2021 ಮತ್ತು 2022ರಲ್ಲಿ ಪ್ರಕಟಿಸಿದ ಲೇಖನಗಳಿಗೆ 2023ರಲ್ಲಿ ಬಂದ ಉಲ್ಲೇಖಗಳನ್ನು ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ 2023ರ ಅಂಕ ಸಿಗುತ್ತದೆ. ಇದು ಪತ್ರಿಕೆಯ ಸರಾಸರಿ. ಅದರಲ್ಲಿನ ಯಾವೊಂದು ಲೇಖನದ ಬೆಲೆಯನ್ನೂ ಇದು ಹೇಳುವುದಿಲ್ಲ. ಬಹುಪಾಲು ಉಲ್ಲೇಖಗಳು ಕೆಲವೇ ಲೇಖನಗಳಿಗೆ ಹೋಗುವುದರಿಂದ, ಒಳ್ಳೆಯ ಅಂಕದ ಪತ್ರಿಕೆಯಲ್ಲಿಯೂ ಯಾರೂ ಉಲ್ಲೇಖಿಸದ ಬರಹಗಳಿರುತ್ತವೆ. ಎರಡು ವರ್ಷದ ಗಡುವು ಜೀವವೈದ್ಯಕೀಯದಂಥ ವೇಗದ ಕ್ಷೇತ್ರಕ್ಕೆ ಹೊಂದುತ್ತದೆ. ಹೊಲದಲ್ಲಿ ಮೂರು ಹಂಗಾಮು ಬೆಳೆದು ನೋಡಿದ ಮೇಲೆ ಬರೆಯಬೇಕಾದ ಕೃಷಿ ಸಂಶೋಧನೆಗೆ ಹೊಂದುವುದಿಲ್ಲ. ಗಣಿತ, ಶಾಸನಶಾಸ್ತ್ರ, ಚರಿತ್ರೆಗಳ ಮಾತಂತೂ ದೂರ.

ವ್ಯಕ್ತಿಯನ್ನೇ ಅಳೆಯುವ ಅಂಕ 2005ರಲ್ಲಿ ಬಂತು. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಪ್ರಕಾರ, ಒಬ್ಬರ ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದು, ಹನ್ನೊಂದಕ್ಕೆ ತಲಾ ಹನ್ನೊಂದು ಬಂದಿರದಿದ್ದರೆ ಅವರ ಅಂಕ ಹತ್ತು. ಅದಕ್ಕೆ ಒಂದು ವರ್ಷ ಮುಂಚೆ, 2004ರಲ್ಲಿ, ಸ್ಕೋಪಸ್ ಹಾಗೂ ಗೂಗಲ್ ಸ್ಕಾಲರ್ ಎಂಬ ಅಂತರ್ಜಾಲದ ಸೂಚಿಗಳು ಬಂದಿದ್ದವು. ಗೂಗಲ್ ಸ್ಕಾಲರ್‌ನಿಂದಾಗಿ ದುಬಾರಿ ಸಂಪುಟಗಳನ್ನು ತರಿಸಲಾಗದ ಕಾಲೇಜಿನವರಿಗೂ ತಮ್ಮ ಉಲ್ಲೇಖಗಳ ಸಂಖ್ಯೆ ಪುಕ್ಕಟೆಯಾಗಿ ಕಾಣತೊಡಗಿತು. ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಗಂಗನ್ ಪ್ರತಾಪ್ 2006ರಲ್ಲೇ ಹಿರ್ಷ್ ಅವರ ಯೋಚನೆಯನ್ನು ಸಂಸ್ಥೆಗಳಿಗೆ ಅನ್ವಯಿಸಿದರು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ದುಡಿದ ಎಂಜಿನಿಯರ್ ಅವರು. ಒಂದು ಸಂಸ್ಥೆಯ ಎಷ್ಟು ಮಂದಿ ಸಂಶೋಧಕರಿಗೆ ಅಷ್ಟೇ ಎಚ್-ಅಂಕವಾದರೂ ಇದೆ ಎಂದು ನೋಡುವುದು ಅವರ ಎರಡನೆಯ ಹಂತದ ಸೂಚ್ಯಂಕ. ಮುಂದೆ 2010ರಲ್ಲಿ ಅವರು ಪಿ-ಇಂಡೆಕ್ಸನ್ನು ಮಂಡಿಸಿದರು: ಒಟ್ಟು ಉಲ್ಲೇಖವನ್ನು ಲೇಖನವೊಂದರ ಸರಾಸರಿ ಉಲ್ಲೇಖದಿಂದ ಗುಣಿಸಿ ಬಂದದ್ದರ ಘನಮೂಲ. ಬರೆದದ್ದರ ಪ್ರಮಾಣ, ಅದರ ತೂಕ ಎರಡನ್ನೂ ಒಂದೇ ಅಂಕದಲ್ಲಿ ಹಿಡಿಯುವ ಪ್ರಯತ್ನವಿದು. ಅಳತೆಯನ್ನು ಎರವಲು ತಂದು ಬಳಸಿದ್ದಷ್ಟೇ ಅಲ್ಲ, ಅದನ್ನು ತಿದ್ದುವ ಕೆಲಸವೂ ಕರ್ನಾಟಕದಲ್ಲಿ ನಡೆಯಿತೆಂಬುದಕ್ಕೆ ಕರೆಂಟ್ ಸೈನ್ಸ್‌ನ ಆ ಬರಹ ಸಾಕ್ಷಿ.

ಉಲ್ಲೇಖದ ಎಣಿಕೆ ಎಲ್ಲಿ ಸೋಲುತ್ತದೆ ಎಂಬುದಕ್ಕೂ ಬೆಂಗಳೂರಿನಲ್ಲೇ ದೊಡ್ಡ ನಿದರ್ಶನವಿದೆ. ಎಸ್. ಪಂಚರತ್ನಂ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಇಪ್ಪತ್ತೆರಡರ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಪ್ರಬಂಧವೊಂದನ್ನು ಬರೆದರು. ಅದು 1956ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ ಪ್ರಕಟವಾಯಿತು. ಬೆಳಕಿನ ಧ್ರುವೀಕರಣ ಸ್ಥಿತಿ ಒಂದು ಸುತ್ತು ಹಾಕಿ ಮೊದಲಿದ್ದಲ್ಲಿಗೆ ಮರಳಿದರೂ ಅದರ ಪ್ರಾವಸ್ಥೆಯಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆ, ಆ ವ್ಯತ್ಯಾಸವನ್ನು ಸುತ್ತಿದ ದಾರಿಯ ಜ್ಯಾಮಿತಿಯೇ ನಿರ್ಧರಿಸುತ್ತದೆ ಎಂದು ಅವರು ತೋರಿಸಿದ್ದರು. ಪಂಚರತ್ನಂ ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ ಮೂವತ್ತೈದರ ಪ್ರಾಯದಲ್ಲಿ ಅಲ್ಲಿಯೇ ತೀರಿಕೊಂಡರು. ಆ ಪ್ರಬಂಧದ ನಿಜವಾದ ಅರ್ಥ ಮೂರು ದಶಕ ಯಾರ ಕಣ್ಣಿಗೂ ಬೀಳಲಿಲ್ಲ. 1984ರಲ್ಲಿ ಬ್ರಿಸ್ಟಲ್‌ನ ಮೈಕೇಲ್ ಬೆರ್ರಿ ಕ್ವಾಂಟಂ ಬಲವಿಜ್ಞಾನದಲ್ಲಿ ಜ್ಯಾಮಿತೀಯ ಪ್ರಾವಸ್ಥೆಯನ್ನು ಕಂಡುಹಿಡಿದು ಲೋಕಪ್ರಸಿದ್ಧರಾದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಕರೆಂಟ್ ಸೈನ್ಸ್‌ನಲ್ಲಿ ಒಂದು ಸಣ್ಣ ಟಿಪ್ಪಣಿ ಬರೆದು, ಬೆರ್ರಿ ಕಂಡದ್ದರ ಮುಂಚಿನ ರೂಪ ಪಂಚರತ್ನಂ ಅವರಲ್ಲಿದೆ ಎಂದು ತೋರಿಸಿಕೊಟ್ಟರು. ಬೆರ್ರಿ ಸ್ವತಃ ಬೆಂಗಳೂರಿಗೆ ಬಂದರು, ಮೂಲ ಪ್ರಬಂಧವನ್ನು ಓದಿದರು, 1987ರಲ್ಲಿ ಅದರ ಮಹತ್ವವನ್ನು ವಿವರಿಸಿ ಬರೆದರು. ಇಂದು ಪಂಚರತ್ನಂ ಪ್ರಾವಸ್ಥೆ ಎಂಬ ಹೆಸರು ದೃಗ್ವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ.

ಈ ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು. 1958ರಲ್ಲಿಯೋ 1960ರಲ್ಲಿಯೋ ಉಲ್ಲೇಖಗಳನ್ನು ಎಣಿಸಿ ಪಂಚರತ್ನಂ ಅವರಿಗೆ ಉದ್ಯೋಗ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಿದ್ದರೆ ಆ ಎಣಿಕೆ ತಪ್ಪು ಹೇಳುತ್ತಿತ್ತು. ಪ್ರಬಂಧವನ್ನು ಮತ್ತೆ ಬೆಳಕಿಗೆ ತಂದದ್ದು ಸೂಚಿಯಲ್ಲ, ಅದನ್ನು ಓದಿ ಅರಿತಿದ್ದ ಇಬ್ಬರು ವಿಜ್ಞಾನಿಗಳು. ಅವರು ಬರೆದದ್ದೂ ಬೆಂಗಳೂರಿನ ಪತ್ರಿಕೆಯಲ್ಲೇ. ಬಹುಕಾಲ ಮಲಗಿದ್ದು ಆಮೇಲೆ ಎಚ್ಚೆತ್ತ ಇಂಥ ಪ್ರಬಂಧಗಳಿಗೆ ಡಚ್ ವಿದ್ವಾಂಸ ವಾನ್ ರಾನ್ 2004ರಲ್ಲಿ ನಿದ್ರಾಸುಂದರಿ ಎಂದು ಹೆಸರಿಟ್ಟರು. ಇದಕ್ಕೆ ಎದುರಾದ ಇನ್ನೊಂದು ಸ್ಥಿತಿಯೂ ಇದೆ. ರಾಮನ್ ಪರಿಣಾಮದ ಹೆಸರನ್ನು ಪ್ರತಿದಿನ ಬಳಸುವ ಪ್ರಯೋಗಾಲಯಗಳು 1928ರ ಮೂಲ ಲೇಖನವನ್ನು ಉಲ್ಲೇಖಿಸುವುದೇ ಅಪರೂಪ. ಜ್ಞಾನ ಪೂರ್ತಿ ಒಳಗೆ ಬೆರೆತುಹೋದಾಗ ಮೂಲದ ಹೆಸರಿಗೆ ಪ್ರತ್ಯೇಕ ಅಡಿಟಿಪ್ಪಣಿ ಬೇಕಾಗುವುದಿಲ್ಲ, ಲೆಕ್ಕದಲ್ಲಿ ಅದು ಕಡಿಮೆಯಾಗಿಯೇ ಕಾಣುತ್ತದೆ.

ರಾಮನ್ ತಮ್ಮ ಆ ಲೇಖನವನ್ನು ತಾವೇ 1926ರಲ್ಲಿ ಆರಂಭಿಸಿದ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಪ್ರಕಟಿಸಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದು ಮರುವರ್ಷ ಅಕಾಡೆಮಿಯನ್ನು ಕಟ್ಟಿದಾಗಲೂ ಭಾರತದ ವಿಜ್ಞಾನ ಭಾರತದ ಪತ್ರಿಕೆಗಳಲ್ಲಿ ಬರಬೇಕೆಂಬುದು ಅವರ ನಿಲುವು. ಉಲ್ಲೇಖ ಸೂಚಿಯ ಯುಗ ಈ ನಿಲುವನ್ನು ಬುಡಮೇಲು ಮಾಡಿತು. ಸೂಚಿಯೊಳಗೆ ಸೇರಿದ ಭಾರತೀಯ ಪತ್ರಿಕೆಗಳು ಬಹಳ ಕಡಿಮೆ. ಹೊರಗಿನ ಪತ್ರಿಕೆಯಲ್ಲಿ ಬರೆದರೆ ಎಣಿಕೆಗೆ ಸಿಗುತ್ತದೆ, ಇಲ್ಲಿ ಬರೆದರೆ ಸಿಗುವುದಿಲ್ಲ ಎಂದಾದ ಮೇಲೆ ಒಳ್ಳೆಯ ಪ್ರಬಂಧಗಳು ಹೊರಗೆ ಹೋದವು. ಅದರಿಂದ ಇಲ್ಲಿಯ ಪತ್ರಿಕೆಗಳ ಅಂಕ ಇನ್ನಷ್ಟು ಕುಸಿಯಿತು. 1932ರಿಂದ ಬೆಂಗಳೂರಿನಿಂದ ಬರುತ್ತಿರುವ ಕರೆಂಟ್ ಸೈನ್ಸ್ ಈ ಚರ್ಚೆಯ ಮುಖ್ಯ ವೇದಿಕೆಯಾಯಿತು. 1995ರಿಂದ 2013ರವರೆಗೆ ಅದರ ಸಂಪಾದಕರಾಗಿದ್ದ ಪಿ. ಬಲರಾಂ, ಇಂಪ್ಯಾಕ್ಟ್ ಫ್ಯಾಕ್ಟರಿನ ಮೋಹದ ಬಗ್ಗೆ ಸಂಪಾದಕೀಯಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದರು. ಅವರು 2005ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದುದರಿಂದ ಈ ಮಾತಿಗೆ ತೂಕವಿತ್ತು. ಎಣಿಕೆಯಲ್ಲಿ ಗೆಲ್ಲುವ ಸಂಸ್ಥೆಯ ಮುಖ್ಯಸ್ಥರೇ ಎಣಿಕೆಯನ್ನು ಪ್ರಶ್ನಿಸಿದ್ದರು.

ಆದರೆ ಆಡಳಿತ ಬೇರೆ ದಿಕ್ಕಿನಲ್ಲಿ ಸಾಗಿತು. 2010ರ ಯುಜಿಸಿ ನಿಯಮಗಳು ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಎಪಿಐ ಅಂಕಗಳನ್ನು ತಂದವು. ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಪತ್ರಿಕೆಯಾದರೆ ಮೇಲೆ ಇನ್ನಷ್ಟು. 1994ರಿಂದ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್, ವಿಶ್ವವಿದ್ಯಾಲಯಗಳ ಮೌಲ್ಯಾಂಕನದಲ್ಲಿ ಸ್ಕೋಪಸ್, ವೆಬ್ ಆಫ್ ಸೈನ್ಸ್ ಸೂಚಿಗಳ ಆಧಾರದ ಸರಾಸರಿ ಉಲ್ಲೇಖ ಹಾಗೂ ಎಚ್-ಇಂಡೆಕ್ಸನ್ನು ಸೇರಿಸಿತು. 2016ರಲ್ಲಿ ಮೊದಲ ಪಟ್ಟಿ ಹೊರಬಂದ ಎನ್‌ಐಆರ್‌ಎಫ್ ಶ್ರೇಣಿಯಲ್ಲೂ ಪ್ರಕಟಣೆ, ಉಲ್ಲೇಖಗಳಿಗೆ ದೊಡ್ಡ ಪಾಲು. ಆ ಪಟ್ಟಿಯ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲು ನಿಂತಿತು. ಪ್ರಯೋಗಾಲಯವೂ ಬಿಡುವೂ ಇಲ್ಲದ, ವಾರಕ್ಕೆ ಹದಿನಾರು ತಾಸು ಪಾಠ ಮಾಡುವ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಅಧ್ಯಾಪಕರಿಗೂ ಲೇಖನ ಪ್ರಕಟಿಸಬೇಕಾದ ಒತ್ತಡ ಬಂತು. ಈ ಒತ್ತಡದಲ್ಲಿ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ, ಸುಳ್ಳು ಇಂಪ್ಯಾಕ್ಟ್ ಫ್ಯಾಕ್ಟರನ್ನು ಮುಖಪುಟದಲ್ಲೇ ಹಾಕಿಕೊಳ್ಳುವ ಪತ್ರಿಕೆಗಳು ಹುಟ್ಟಿಕೊಂಡವು. 2017ರ ಜನವರಿಯಲ್ಲಿ ಯುಜಿಸಿ ಮಾನ್ಯ ಮಾಡಿದ ಪಟ್ಟಿಯಲ್ಲಿ 38 ಸಾವಿರಕ್ಕೂ ಹೆಚ್ಚು ಪತ್ರಿಕೆಗಳಿದ್ದವು. ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಅದರ ಒಂದು ಭಾಗವನ್ನು ಪರೀಕ್ಷಿಸಿ 2018ರ ಮಾರ್ಚ್‌ನಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬರೆದರು: ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ, ಸೂಚಿಗಳಲ್ಲಿ ಸೇರದ ಪತ್ರಿಕೆಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆ ಇರಬಹುದು. ಅದೇ ವರ್ಷದ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆಯಲಾಯಿತು. 2019ರಲ್ಲಿ ಯುಜಿಸಿ-ಕೇರ್ ಪಟ್ಟಿ ಬಂತು.

ಕೃಷಿ ವಿಜ್ಞಾನಿಗಳ ಲೋಕದಲ್ಲಿ ಇದೇ ಕೆಲಸವನ್ನು ನಾಸ್ ಸ್ಕೋರ್ ಮಾಡುತ್ತದೆ. ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ ಅಂಕವದು. ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಪತ್ರಿಕೆಗೆ ಆ ಅಂಕದ ಮೇಲೆ 6 ಸೇರುತ್ತದೆ. ಇಲ್ಲದ ಪತ್ರಿಕೆ ಎಷ್ಟು ಚೆನ್ನಾಗಿದ್ದರೂ 6ನ್ನು ದಾಟುವಂತಿಲ್ಲ. ಈ ನಿಯಮವನ್ನು ಬ್ಯಾಡಗಿಯ ಮೆಣಸಿನಕಾಯಿಗೆ ಹಚ್ಚಿ ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಖಾರ ಕಡಿಮೆ, ಬಣ್ಣ ಗಾಢ ಎಂಬ ಗುಣದಿಂದ ಬ್ಯಾಡಗಿ ಕಡ್ಡಿ, ಡಬ್ಬಿ ತಳಿಗಳು ಹೆಸರಾಗಿವೆ. ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳಿಗೆ ಅದೇ ಬಣ್ಣ ಬೇಕು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಎಲೆ ಮುದುಡುವ ರೋಗವನ್ನು ತಡೆಯುವುದು ಹೇಗೆ, ಸ್ಥಳೀಯ ತಳಿಯ ಬಣ್ಣ ಕೆಡದಂತೆ ಇಳುವರಿ ಹೆಚ್ಚಿಸುವುದು ಹೇಗೆ ಎಂಬವು ಧಾರವಾಡ ಕೃಷಿ ವಿಶ್ವವಿದ್ಯಾಲಯದವರೂ ದೇವಿಹೊಸೂರು, ಹನುಮನಮಟ್ಟಿಯ ಕೇಂದ್ರಗಳವರೂ ಎದುರಿಸಿದ ಪ್ರಶ್ನೆಗಳು. ಇವುಗಳಿಗೆ ಉತ್ತರ ಸಿಕ್ಕರೆ ಅದು ರೈತನಿಗೆ ತಲುಪುವುದು ಕನ್ನಡದಲ್ಲಿ: ಬೇಸಾಯ ಕ್ರಮದ ಕೈಪಿಡಿಯಲ್ಲಿ, ಕೃಷಿ ಮುನ್ನಡೆಯಂಥ ಮಾಸಪತ್ರಿಕೆಯಲ್ಲಿ, ಧಾರವಾಡದ ಕೃಷಿ ಮೇಳದಲ್ಲಿ, ಹೊಲದಲ್ಲೇ ನಡೆಯುವ ಕ್ಷೇತ್ರೋತ್ಸವದಲ್ಲಿ. ಹೊಸ ಕ್ರಮವನ್ನು ಅನುಸರಿಸಿದ ರೈತ ಅಡಿಟಿಪ್ಪಣಿ ಬರೆಯುವುದಿಲ್ಲ. ಅವನ ಫಸಲು ಎಪಿಎಂಸಿಗೆ ಬಂದು ಒಳ್ಳೆಯ ದರಕ್ಕೆ ಹೋದರೆ ಸಂಶೋಧನೆಯ ಪ್ರಭಾವಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ, ಆದರೆ ಯಾವ ಉಲ್ಲೇಖ ಸೂಚಿಯೂ ಅದನ್ನು ಎಣಿಸದು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಥೆ ಇದಕ್ಕಿಂತ ತುಸು ಬೇರೆ. 1974ರಲ್ಲಿ ಘೋಷಿತವಾದ, ಸುಮಾರು 119 ಚದರ ಕಿಲೋಮೀಟರಿನ ಈ ಅಭಯಾರಣ್ಯದ ಬಯಲಿನಲ್ಲಿ ನೀಲಗಿರಿ ನೆಡುತೋಪುಗಳು ಎದ್ದವು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಇಲ್ಲಿಯ ಅರಣ್ಯೀಕರಣ ಪರಿಸರದ ಮೇಲೆ ಮಾಡಿದ ಪರಿಣಾಮವನ್ನು ಕುರಿತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1980ರಲ್ಲಿ ಬರೆದ ಕೆಲವೇ ಪುಟಗಳ ಪ್ರಬಂಧವೊಂದಿದೆ. ಹುಲ್ಲುಗಾವಲು, ಕೃಷ್ಣಮೃಗ, ಎರ್ಲಡ್ಡು ಹಕ್ಕಿಗಳ ಬಗ್ಗೆ ಕೆಲಸ ಮಾಡುವವರು ತಿರುಗಿ ನೋಡಬೇಕಾದ ದಾಖಲೆಯಿದು. ವಿಷಯ ಒಂದು ತಾಲ್ಲೂಕಿಗೆ ಸೀಮಿತ, ಈ ಕ್ಷೇತ್ರದಲ್ಲಿ ದುಡಿಯುವವರೇ ಕೆಲವು ಮಂದಿ. ಹೀಗಿರುವಾಗ ಇದಕ್ಕೆ ನೂರಾರು ಉಲ್ಲೇಖ ಬರಬೇಕೆಂದು ನಿರೀಕ್ಷಿಸುವುದೇ ಅನ್ಯಾಯ. ಪ್ರಯೋಗಾಲಯದಲ್ಲಿ ಪ್ರೋಟೀನ್ ಅಳೆಯುವ ವಿಧಾನ ಹೇಳಿದ ಲೌರಿ ತಂಡದ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಆ ವಿಧಾನ ಪ್ರಯೋಗಾಲಯಗಳಲ್ಲೆಲ್ಲ ಬೇಕಾಗಿತ್ತು, ಅಷ್ಟೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಮಾನವಿಕ ವಿಷಯಗಳಿಗೆ ಬಂದರೆ ಎಣಿಕೆ ಇನ್ನೂ ಬರಿದು. ರಾಣೆಬೆನ್ನೂರು ತಾಲ್ಲೂಕಿನಲ್ಲೇ, ತುಂಗಭದ್ರೆಯ ದಡದಲ್ಲಿ, ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯವಿದೆ. ವಸುಂಧರಾ ಫಿಲಿಯೋಜಾ ಮತ್ತು ಪಿಯರ್-ಸಿಲ್ವೇನ್ ಫಿಲಿಯೋಜಾ ಅದರ ವಾಸ್ತು, ಶಿಲ್ಪ, ಶಾಸನಗಳನ್ನು ಒಟ್ಟಿಗೆ ಅಧ್ಯಯನ ಮಾಡಿ ಬರೆದ ಗ್ರಂಥ 1995ರಲ್ಲಿ ದೆಹಲಿಯಿಂದ ಪ್ರಕಟವಾಯಿತು. ಇಂಗ್ಲಿಷಿನಲ್ಲೇ ಇದ್ದರೂ ಅದು ಪುಸ್ತಕ. ಪುಸ್ತಕಗಳಿಗೆಂದೇ ಪ್ರತ್ಯೇಕ ಉಲ್ಲೇಖ ಸೂಚಿ ಶುರುವಾದದ್ದು 2011ರಲ್ಲಿ. ಐರಣಿಯ ಬಗೆಗಿನ ಬರಹಗಳು ಸೂಚಿಯಿಂದ ಇನ್ನೂ ದೂರ. ಹೊಳೆಯ ದಂಡೆಯ ಕೋಟೆ, ಹೊಳೆಮಠ ಇವುಗಳ ಬಗ್ಗೆ ತಿಳಿಯಬಯಸುವವರು 1884ರಲ್ಲಿ ಬಂದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಧಾರವಾಡ ಸಂಪುಟ, ಬಾಂಬೆ ಕರ್ನಾಟಕದ ಶಾಸನ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥವರ ಪ್ರಕಟಣೆಗಳು, ಮಠಗಳು ಹೊರತಂದ ಸ್ಮರಣ ಸಂಚಿಕೆಗಳ ನಡುವೆ ಹುಡುಕಬೇಕು. ಇವು ಒಂದನ್ನೊಂದು ಧಾರಾಳವಾಗಿ ಉಲ್ಲೇಖಿಸುತ್ತವೆ. ಆದರೆ ಆ ಉಲ್ಲೇಖಗಳೆಲ್ಲ ಕನ್ನಡದ ಅಡಿಟಿಪ್ಪಣಿಗಳಲ್ಲಿವೆ. ಸೂಚಿ ಕಟ್ಟುವ ಯಂತ್ರ ಅಲ್ಲಿಗೆ ಹೋಗುವುದಿಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ನೆಲೆಸಿರುವ ಜಾನಪದ ವಿಶ್ವವಿದ್ಯಾಲಯದ ಕೆಲಸವೂ ಬಹುಮಟ್ಟಿಗೆ ಕನ್ನಡದಲ್ಲೇ ನಡೆಯುತ್ತದೆ. ಹಂತಿಯ ಪದ, ಡೊಳ್ಳಿನ ಪದಗಳನ್ನು ಸಂಗ್ರಹಿಸಿದವರ ದುಡಿಮೆಯನ್ನು ಸ್ಕೋಪಸ್‌ನಲ್ಲಿ ಹುಡುಕುವುದು ವ್ಯರ್ಥ.

ಈಚೆಗೆ ಪ್ರತಿ ವರ್ಷ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದವರ ಭಾವಚಿತ್ರ ಬರುವುದನ್ನು ಓದುಗರು ನೋಡಿರುತ್ತಾರೆ. ಸ್ಟ್ಯಾನ್‌ಫರ್ಡಿನ ಜಾನ್ ಐಯೋನಿಡಿಸ್ ಮತ್ತು ಸಂಗಡಿಗರು 2019ರಿಂದ ಸಿದ್ಧಪಡಿಸುತ್ತಿರುವ ಪಟ್ಟಿಯದು. ಸ್ಕೋಪಸ್‌ನ ಉಲ್ಲೇಖಗಳನ್ನು ಆರು ಬಗೆಯಲ್ಲಿ ಲೆಕ್ಕ ಹಾಕಿ ಅದನ್ನು ಕಟ್ಟುತ್ತಾರೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ತೆಗೆದು ನೋಡುವ ಅವಕಾಶವೂ ಅದರಲ್ಲಿದೆ. ಅದು ಶ್ರಮದಿಂದ ಮಾಡಿದ ಕೆಲಸ, ಅದರಲ್ಲಿ ಹೆಸರು ಬಂದವರಿಗೆ ಸಂತೋಷವಾಗುವುದು ಸಹಜ. ಆದರೆ ಸ್ಕೋಪಸ್‌ಗೆ ಕಾಣದ ವಿದ್ವಾಂಸರು ಆ ಶೇ 2ರ ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ಸುದ್ದಿಯ ಜೊತೆಗೇ ಹೇಳಬೇಕು.

ಎಣಿಕೆಯನ್ನು ಹದ್ದುಬಸ್ತಿನಲ್ಲಿಡುವ ಪ್ರಯತ್ನಗಳು ಹೊರದೇಶಗಳಲ್ಲೂ ನಡೆದಿವೆ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ರೂಪಿಸಿ ಮರುವರ್ಷ ಪ್ರಕಟಿಸಿದ ಡೋರಾ ಘೋಷಣೆ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ವ್ಯಕ್ತಿಯನ್ನು ಅಳೆಯಬಾರದೆಂದು ಸ್ಪಷ್ಟವಾಗಿ ಹೇಳಿತು. 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ತ್ವಗಳಲ್ಲಿ ಮೂರನೆಯದು ಸ್ಥಳೀಯ ಮಹತ್ವದ ಸಂಶೋಧನೆಯ ಉತ್ಕೃಷ್ಟತೆಯನ್ನು ಕಾಪಾಡಬೇಕೆಂಬುದು. ಇಂಗ್ಲಿಷಿನಲ್ಲಿ ಬಂದದ್ದೇ ಶ್ರೇಷ್ಠ ಎಂದೆಣಿಸುವುದರಿಂದ ಆಯಾ ನಾಡಿನ ಸಮಾಜ, ಭಾಷೆ, ಮಣ್ಣಿಗೆ ಸಂಬಂಧಿಸಿದ ಸಂಶೋಧನೆ ಸೊರಗುತ್ತದೆ ಎಂದು ಆ ಪ್ರಣಾಳಿಕೆಯನ್ನು ಬರೆದವರು ಗುರುತಿಸಿದ್ದರು. ಅವರಲ್ಲಿ ಉಲ್ಲೇಖಗಳನ್ನು ಎಣಿಸುವುದನ್ನೇ ವೃತ್ತಿಯಾಗಿ ಹಿಡಿದವರೂ ಇದ್ದರೆಂಬುದು ಗಮನಾರ್ಹ. ಭಾರತದ ಪತ್ರಿಕೆಗಳಿಗಾಗಿ 2009ರಲ್ಲಿ ಇಂಡಿಯನ್ ಸೈಟೇಷನ್ ಇಂಡೆಕ್ಸ್ ಶುರುವಾಯಿತು. ಪಿಎಚ್‌ಡಿ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಶೋಧಗಂಗಾ ಕನ್ನಡದ ಪ್ರಬಂಧಗಳಿಗೂ ಜಾಗ ಕೊಟ್ಟಿದೆ. 2025ರ ಫೆಬ್ರವರಿಯಲ್ಲಿ ಯುಜಿಸಿ ತನ್ನ ಕೇರ್ ಪಟ್ಟಿಯನ್ನು ಕೈಬಿಟ್ಟು, ಪತ್ರಿಕೆಗಳ ಗುಣಮಟ್ಟವನ್ನು ನಿರ್ಧರಿಸುವ ಹೊಣೆಯನ್ನು ಸಂಸ್ಥೆಗಳಿಗೇ ಒಪ್ಪಿಸಿತು.

ಹೊಣೆ ಕೈಗೆ ಬಂದಿರುವ ಈ ಹೊತ್ತಿನಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳು ಎರಡು ಕೆಲಸ ಮಾಡಬೇಕು. ಆಯ್ಕೆ ಸಮಿತಿಯ ಮುಂದೆ ಅಂಕಪಟ್ಟಿಯ ಜೊತೆಗೆ ಅಭ್ಯರ್ಥಿಯ ಎರಡು ಮೂರು ಪ್ರಬಂಧಗಳನ್ನಾದರೂ ಇಟ್ಟು, ವಿಷಯ ಬಲ್ಲವರಿಂದ ಓದಿಸಬೇಕು. ಎರಡನೆಯದಾಗಿ, ಕನ್ನಡದ ಸಂಶೋಧನ ನಿಯತಕಾಲಿಕೆ, ಶಾಸನ ಸಂಪುಟ, ಪ್ರಸಾರಾಂಗಗಳ ಪ್ರಕಟಣೆ ಇವುಗಳ ಗ್ರಂಥಋಣಗಳನ್ನು ಒಗ್ಗೂಡಿಸಿದ ಉಲ್ಲೇಖ ಸೂಚಿಯೊಂದನ್ನು ಕಟ್ಟಲು ಮುಂದಾಗಬೇಕು. ಇದಕ್ಕೆ ಬೇಕಾದ ವಿದ್ಯೆ ಬೆಂಗಳೂರಿನ ಡಿಆರ್‌ಟಿಸಿಯಲ್ಲಿ, ಧಾರವಾಡ, ಮೈಸೂರಿನ ಗ್ರಂಥಾಲಯ ವಿಜ್ಞಾನ ವಿಭಾಗಗಳಲ್ಲಿ ಇದ್ದೇ ಇದೆ.